ಐದನೆಯ ರಿಂಗ್

ಟೀವಿಯ ರಿಯಾಲಿಟಿ ಶೋಗಳಲ್ಲಿ ಸ್ಪರ್ಧಿಗಳು ಒಂದು ಆಟ ಆಡುವ ಮೊದಲು ಅದನ್ನು ಬೇರೆ ಯಾರಾದರೂ ಆಡಿ ನೋಡಿರುತ್ತಾರೆ. ಗೂಟ ಎಷ್ಟು ದೂರ ಇರಬೇಕು, ನೀರು ಎಷ್ಟು ಆಳ ಇರಬೇಕು, ಮುಗಿಸಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ತಿಳಿಯುವುದಕ್ಕೆ ದಿನಗೂಲಿಯ ಮೇಲೆ ಒಂದಿಬ್ಬರನ್ನು ಕರೆಸುತ್ತಾರೆ. ಅವರು ಆಡುವುದನ್ನು ಯಾರೂ ಚಿತ್ರೀಕರಿಸುವುದಿಲ್ಲ. ಕ್ಯಾಮೆರಾಗಳು ಇನ್ನೂ ಪೆಟ್ಟಿಗೆಯಲ್ಲೇ ಇರುತ್ತವೆ. ಕೆಂಗೇರಿಯಿಂದಾಚೆ ಹಾಕಿದ್ದ ಒಂದು ಸೆಟ್ಟಿನಲ್ಲಿ ಒಂದು ಬೆಳಿಗ್ಗೆ ನಾನೂ ನನ್ನ ಗೆಳೆಯನೂ ಅಂಥದ್ದೊಂದು ಆಟ ಆಡಿದೆವು. ಅವನು ಈಜಿದ, ನಾನು ರಿಂಗ್ ಎಸೆದೆ. ಆ ಬೆಳಿಗ್ಗೆಗೆ ಈಗ ಉಳಿದಿರುವ ಸಾಕ್ಷಿ ನಮ್ಮಿಬ್ಬರ ನೆನಪು ಮಾತ್ರ. ನನ್ನ ಪಾಲಿನದ್ದನ್ನು ನಾನು ನಂಬುವುದಿಲ್ಲ.

ನಂಬದಿರುವುದು ನನಗೆ ಕಸುಬೂ ಹೌದು. ಮನಃಶಾಸ್ತ್ರದಲ್ಲಿ ಎಂ.ಎ. ಮಾಡಿದೆ, ಈಗ ರಾಜಾಜಿನಗರದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ನೆನಪು ಎನ್ನುವುದು ಫೋಟೋ ಅಲ್ಲ, ಪ್ರತಿ ಸಲ ತೆಗೆದು ನೋಡಿದಾಗಲೂ ನಾವು ಅದನ್ನು ಸ್ವಲ್ಪ ತಿದ್ದಿ ವಾಪಸ್ ಇಡುತ್ತೇವೆ ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ. ನಾನು ಕಿಟಕಿಯ ಕಡೆ ತಿರುಗುತ್ತೇನೆ.

ಗೆಳೆಯನ ಪರಿಚಯವಾದದ್ದು ಉಲ್ಲಾಳದ ಪಕ್ಕದ ವಿಶ್ವವಿದ್ಯಾಲಯದ ಮೈದಾನದಲ್ಲಿ. ನಾನು ಆರ್‌ಪಿಸಿ ಲೇಔಟಿನ ಬಾಡಿಗೆ ಮನೆಯಿಂದ ಬಸ್ಸಿನಲ್ಲಿ ಬಂದು, ತರಗತಿಗೆ ಹೋಗಲು ಮನಸ್ಸಿಲ್ಲದೆ ಮೈದಾನದ ಸುತ್ತ ನಡೆಯುತ್ತಿದ್ದೆ. ಅವನು ಓಡುತ್ತಿದ್ದ. ಉಲ್ಲಾಳದ ಹಳೆಯ ಒಕ್ಕಲು ಮನೆಯವನು. ಅವರ ಹೊಲ ಸೈಟುಗಳಾಗಿ ಹೋಗಿ ಬಹಳ ಕಾಲವಾಗಿತ್ತು, ಆದರೆ ಹಿತ್ತಿಲಿನ ಬಾವಿ ಮುಚ್ಚುವುದಕ್ಕೆ ಮುಂಚೆ ಅವನ ತಾತ ಅವನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಈಜು ಕಲಿಸಿಬಿಟ್ಟಿದ್ದರು. ಓದು ಅವನಿಗೆ ಒಗ್ಗಲಿಲ್ಲ. ಬಿ.ಎ. ಮುಗಿಸಿದವನು ಅಗ್ನಿಶಾಮಕ ದಳದ ಕೆಲಸಕ್ಕೆ ಒಂದೇ ಸಮನೆ ಪ್ರಯತ್ನ ಮಾಡುತ್ತಿದ್ದ. ನಾನು ಹೇಳುತ್ತಿರುವ ವರ್ಷ ಲಿಖಿತ ಪರೀಕ್ಷೆ ಪಾಸಾಗಿತ್ತು. ದೈಹಿಕ ಪರೀಕ್ಷೆಗೆ ಇನ್ನೊಂದು ತಿಂಗಳಿತ್ತು. ವಯಸ್ಸಿನ ಮಿತಿಯ ಪ್ರಕಾರ ಅದೇ ಅವನಿಗೆ ಕೊನೆಯ ಅವಕಾಶ.

ಸೆಟ್ಟಿನ ಕೆಲಸ ತಂದದ್ದೂ ಅವನೇ. ಅವನ ದೊಡ್ಡಪ್ಪನ ಮಗ ಸೆಟ್ಟಿಗೆ ಮರಗೆಲಸ ಮಾಡುತ್ತಿದ್ದರು. ಈಜು ಬರುವವನೊಬ್ಬ, ಗುರಿ ಇರುವವನೊಬ್ಬ ಬೇಕಂತೆ ಎಂದು ಅವರು ಹೇಳಿದ್ದಕ್ಕೆ ಇವನು ನನ್ನನ್ನು ಎಳೆದುಕೊಂಡು ಹೋದ.

"ನಂಗೆಲ್ಲಿದ್ಯೋ ಗುರಿ?" ಎಂದೆ ಬಸ್ಸಿನಲ್ಲಿ.

"ಜೀವನದಲ್ಲಿ ಇಲ್ಲ, ಗೊತ್ತು. ರಿಂಗ್ ಎಸೆಯೋಕೆ ಅಷ್ಟೆಲ್ಲ ಬೇಕಾಗಲ್ಲ, ಬಾ ಮಗಾ."

ಆಟಗಳ ಉಸ್ತುವಾರಿ ನೋಡುತ್ತಿದ್ದವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ತಲೆಗೆ ಟೋಪಿ, ಕೈಯಲ್ಲಿ ಕ್ಲಿಪ್ ಹಾಕಿದ ಹಾಳೆಗಳು. ಗೆಳೆಯನನ್ನು ಮೇಲಿಂದ ಕೆಳಗೆ ನೋಡಿ, "ಈಜು ಬರತ್ತಲ್ಲ? ಬಾವಿ ಈಜಲ್ಲಪ್ಪ, ಪ್ರಾಪರ್ ಈಜು," ಎಂದರು.

"ಬಾವಿ ಈಜೇ ಪ್ರಾಪರ್ರು ಮೇಡಂ. ಪೂಲಲ್ಲಿ ಕಾಲಿಟ್ರೆ ನೆಲ ಸಿಗತ್ತೆ."

ಅವರು ನಕ್ಕರು. "ಇವ್ರು?"

"ಇವ್ನು ಗೋಲಿ ಆಟದಲ್ಲಿ ಮಾರೇನಹಳ್ಳಿಗೇ ಫಸ್ಟು ಮೇಡಂ."

ನಾನು ಗೋಲಿ ಮುಟ್ಟಿದ್ದು ಕೂಡ ನೆನಪಿಲ್ಲ. ಆದರೂ ತಲೆಯಾಡಿಸಿದೆ.

ಆಟ ಹೀಗಿತ್ತು. ಕಬ್ಬಿಣದ ಚೌಕಟ್ಟಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಹೊದಿಸಿ ಮಾಡಿದ ಉದ್ದನೆಯ ತೊಟ್ಟಿ. ಒಂದು ತುದಿಯಲ್ಲಿ ಎತ್ತರದ ಹಲಗೆ. ಅದರ ಮೇಲೆ ಎಸೆಯುವವನು. ಇನ್ನೊಂದು ತುದಿಯಲ್ಲಿ, ನೀರಿನ ತಳದಲ್ಲಿ, ಐದು ರಿಂಗುಗಳು. ಈಜುವವನು ಒಂದೊಂದೇ ರಿಂಗನ್ನು ಮುಳುಗಿ ತೆಗೆದು, ಈಜಿಕೊಂಡು ಬಂದು, ಹಲಗೆಯ ಮೇಲಿರುವವನಿಗೆ ಕೊಡಬೇಕು. ಅವನು ಅದನ್ನು ತೊಟ್ಟಿಯ ನಡುವೆ ನಿಲ್ಲಿಸಿದ ಗೂಟಗಳಿಗೆ ಎಸೆಯಬೇಕು. ಬಿದ್ದರೆ ಸರಿ. ತಪ್ಪಿದರೆ ರಿಂಗ್ ಮುಳುಗುತ್ತದೆ, ಈಜುವವನು ಮತ್ತೆ ಹೋಗಿ ತರಬೇಕು. ಅಂದರೆ ನಾನು ಮಾಡುವ ತಪ್ಪಿಗೆಲ್ಲ ಅವನು ಮುಳುಗಬೇಕು. ಆಟದ ಮಜಾ ಇರುವುದೇ ಅಲ್ಲಿ, ಜೋಡಿಗಳು ಕಿತ್ತಾಡುತ್ತಾರೆ ಎಂದು ಮೇಡಂ ವಿವರಿಸಿದರು.

ಸುರಕ್ಷತೆಗೆಂದು ಸೀಟಿ ಕಟ್ಟಿಕೊಂಡ ಒಬ್ಬರಿದ್ದರು. ತೊಂದರೆಯಾದರೆ ಒಂದು ಕೈ ನೆಟ್ಟಗೆ ಮೇಲಕ್ಕೆತ್ತಬೇಕು, ಆಗ ಆಟ ನಿಲ್ಲುತ್ತದೆ ಎಂದು ಅವರು ಎರಡು ಸಲ ಹೇಳಿದರು. ಗೆಳೆಯ ಕೇಳಿಸಿಕೊಳ್ಳುತ್ತಿದ್ದಂತೆ ಇರಲಿಲ್ಲ. ನೀರನ್ನು ನೋಡುತ್ತಿದ್ದ. ಬಾವಿ ಮುಚ್ಚಿದ ಮೇಲೆ ಅವನಿಗೆ ಇಷ್ಟು ನೀರು ಸಿಕ್ಕಿರಲಿಲ್ಲ.

ನಾವು ಮಾಡಿದ ತಪ್ಪು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನಿಸುತ್ತದೆ. ಪರೀಕ್ಷೆ ನಮಗೆ ಎಂದುಕೊಂಡೆವು. ಪರೀಕ್ಷೆ ನಡೆಯುತ್ತಿದ್ದದ್ದು ಆಟಕ್ಕೆ. ಕಷ್ಟವಾದರೆ ಕಷ್ಟ, ಸುಸ್ತಾದರೆ ಸುಸ್ತು ಎಂದು ಹೇಳಿದ್ದರೆ ಅದೇ ಅವರಿಗೆ ಬೇಕಾದ ಉತ್ತರವಾಗುತ್ತಿತ್ತು. ಅವರು ಕೂಲಿ ಕೊಡುತ್ತಿದ್ದದ್ದೇ ಅದಕ್ಕೆ. ಆದರೆ ಜೀವಮಾನವಿಡೀ ಸಾಲಿನಲ್ಲಿ ನಿಂತು ಪರೀಕ್ಷೆ ಬರೆದ ನಮ್ಮಂಥವರಿಗೆ, ಹಾಳೆ ಹಿಡಿದವರು ಎದುರಿಗೆ ನಿಂತರೆ ಪಾಸಾಗುವುದೊಂದೇ ಗೊತ್ತು. ಮೊದಲ ಸುತ್ತನ್ನು ಗೆಳೆಯ ಮೀನಿನ ಹಾಗೆ ಮುಗಿಸಿದ. ನನ್ನ ರಿಂಗುಗಳೂ, ಯಾವ ಪುಣ್ಯವೋ, ಒಂದು ತಪ್ಪಿದ್ದು ಬಿಟ್ಟರೆ ಎಲ್ಲವೂ ಬಿದ್ದವು.

"ಹೆಂಗಿತ್ತು?" ಎಂದರು ಮೇಡಂ.

"ಏನಿಲ್ಲ ಮೇಡಂ. ಈಸಿ."

ಅವರು ಹಾಳೆಯಲ್ಲಿ ಬರೆದುಕೊಂಡು, "ತುಂಬ ಈಸಿ ಆಯ್ತು ಕಣ್ರೀ," ಎಂದು ಬಡಗಿಗಳನ್ನು ಕರೆದರು. ಗೂಟಗಳು ದೂರ ಸರಿದವು. ರಿಂಗುಗಳೊಳಗೆ ಸೀಸ ಸೇರಿತು. ಎರಡನೆಯ ಸುತ್ತಿನ ಕೊನೆಗೆ ಗೆಳೆಯ ಹಲಗೆಯ ಅಂಚು ಹಿಡಿದು ಏದುಸಿರು ಬಿಡುತ್ತಿದ್ದ. ಮೇಡಂ ಬಗ್ಗಿ ಕೇಳಿದರು. "ಆಗತ್ತೆ ಮೇಡಂ," ಎಂದ. ನಾನೂ "ಆಗತ್ತೆ" ಎಂದೆ. ಅವನ ಎದೆ ಏರಿಳಿಯುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇದು ಖಚಿತ. ಚೆನ್ನಾಗಿ ಮಾಡಿದರೆ ಸೀಸನ್ ಪೂರ್ತಿ ನಿಮ್ಮನ್ನೇ ಕರೆಯುತ್ತೀವಿ ಎಂದು ಮೇಡಂ ಅಷ್ಟರಲ್ಲಿ ಹೇಳಿದ್ದರು, ಅದೂ ಖಚಿತ. ಅವನಿಗೆ ಅದು ಬೇಕಾಗಿರಲಿಲ್ಲ, ಒಂದು ತಿಂಗಳಲ್ಲಿ ಅವನಿಗೆ ಸರ್ಕಾರಿ ಕೆಲಸ. ಬೇಕಾಗಿದ್ದದ್ದು ನನಗೆ. ಎಂ.ಎ. ಮುಗಿದು ಒಂದು ವರ್ಷವಾಗಿತ್ತು, ಮನೆಯಲ್ಲಿ ನನ್ನನ್ನು ಏನೂ ಕೇಳುವುದನ್ನೇ ಬಿಟ್ಟಿದ್ದರು.

ಮೂರನೆಯ ಸುತ್ತು. ನಾಲ್ಕು ರಿಂಗುಗಳು ಹೇಗೋ ಬಿದ್ದವು. ಐದನೆಯದು ಬೀಳಲಿಲ್ಲ. ಗೂಟದ ತಲೆಗೆ ತಾಗಿ ಚಿಮ್ಮಿತು. ಅವನು ಮುಳುಗಿ ತಂದ. ಮತ್ತೆ ಎಸೆದೆ, ಮತ್ತೆ ತಪ್ಪಿತು. ಅವನು ತಂದ. ಎಷ್ಟು ಸಲ ಎಂದು ನನಗೆ ಗೊತ್ತಿಲ್ಲ. ಐದು ಸಲ ಎಂದು ಮೊದಲು ಹೇಳುತ್ತಿದ್ದೆ, ಈಗ ಏಳು ಎನ್ನುತ್ತಿದ್ದೇನೆ. ಪಾಪಪ್ರಜ್ಞೆಗೆ ತಕ್ಕ ಹಾಗೆ ಸಂಖ್ಯೆ ಬೆಳೆದಿರಬಹುದು. ಮೇಡಂ ಗಡಿಯಾರ ನೋಡುತ್ತಿದ್ದರು. ಸೀಟಿಯವರು ತೊಟ್ಟಿಯ ಆಚೆ ಬದಿ ಸಡಿಲವಾಗಿದ್ದ ಹಾಳೆಯನ್ನು ಬಡಗಿಗೆ ತೋರಿಸುತ್ತಿದ್ದರು. ಈಜುವವನ ಮುಖ ಇದ್ದದ್ದು ನನ್ನ ಕಡೆಗೆ. ನೋಡಲು ಸಾಧ್ಯವಿದ್ದವನು ನಾನೊಬ್ಬನೇ.

ಮುಂದಿನದನ್ನು ಅವನು ನನಗೆ ಆಸ್ಪತ್ರೆಗೆ ಹೋಗುವ ಆಟೋದಲ್ಲಿ ಹೇಳಿದ. ರಿಂಗ್ ಕೊಟ್ಟು ಹಿಂದಕ್ಕೆ ಸರಿಯುವಾಗ ಬಲಭುಜದಲ್ಲಿ ಟಕ್ ಎಂದಿತು. ಅವನು ತೊಟ್ಟಿಯ ನಡುವೆ ನಿಂತು ಕೈ ಎತ್ತಿದ. ನಾನು ಅವನನ್ನೇ ನೋಡುತ್ತಿದ್ದೆ. ಆಮೇಲೆ ನಾನು ಎಸೆದೆ. "ನೀನು ಎಸೆದೆ ಕಣೋ. ಅದಕ್ಕೇ ನಾನ್ ಹೋದೆ," ಎಂದ. ತಪ್ಪಿದ ರಿಂಗಿಗಾಗಿ ಅವನು ಮತ್ತೊಮ್ಮೆ ಮುಳುಗಿದ. ಸೀಸದ ರಿಂಗನ್ನು ಎಳೆದಾಗ ಭುಜ ಪೂರ್ತಿ ಕಳಚಿಕೊಂಡಿತು. ಸೀಟಿ ಕೂಗಿದ್ದು ಆಗ.

ಆಟೋದಲ್ಲಿ ನಾನು ಏನು ಹೇಳಿದೆ? "ಮಾತಾಡ್ಬೇಡ, ಅಲ್ಲಾಡಿಸ್ಬೇಡ" ಎಂದಿರಬೇಕು. ಅಂಥ ಹೊತ್ತಿನಲ್ಲಿ ಎಲ್ಲರೂ ಅದನ್ನೇ ಹೇಳುವುದು.

ಡಾಕ್ಟರು ಭುಜ ಕೂರಿಸಿ, ಒಳಗೆ ಸ್ನಾಯು ಹರಿದಿರಬಹುದು, ಸ್ಕ್ಯಾನ್ ಮಾಡಿಸಿ ಎಂದರು. ಅವನ ಅಪ್ಪ ಸ್ಕ್ಯಾನಿನ ಬದಲು ಪರಿಚಯದ ಮೂಳೆ ಕಟ್ಟುವವರ ಹತ್ತಿರ ಕರೆದುಕೊಂಡು ಹೋದರು. ಉದ್ದಿನ ಹಿಟ್ಟು, ಮೊಟ್ಟೆಯ ಬಿಳಿ, ಬಿದಿರು ದಬ್ಬೆ. ಅವರ ಮನೆಯಲ್ಲಿ ಮೂರು ತಲೆಮಾರು ಕೈಕಾಲು ಮುರಿದುಕೊಂಡವರೆಲ್ಲ ಅಲ್ಲೇ ಕಟ್ಟಿಸಿಕೊಂಡು ಎದ್ದು ಓಡಾಡಿದ್ದರು. ಈ ಸಲ ಮುರಿದದ್ದು ಮೂಳೆಯಾಗಿರಲಿಲ್ಲ. ಪರೀಕ್ಷೆಗಿದ್ದ ಒಂದು ತಿಂಗಳು ಹಾಗೆ ಹೋಯಿತು. ಇದನ್ನೂ ನಾನು ಬಹಳ ಕಾಲ ನನ್ನ ಪರವಾಗಿ ಬಳಸಿಕೊಂಡಿದ್ದೇನೆ. ಸ್ಕ್ಯಾನ್ ಮಾಡಿಸಿದ್ದರೆ ಎಂದು ಶುರು ಮಾಡಿದರೆ ನನ್ನ ಹೆಸರು ವಾಕ್ಯದಿಂದಲೇ ಬಿದ್ದುಹೋಗುತ್ತದೆ.

ದೈಹಿಕ ಪರೀಕ್ಷೆಗೆ ಜೊತೆಗೆ ಹೋದೆ. ಓಟದಲ್ಲಿ ಅವನು ಮುಂದಿದ್ದ. ಹಗ್ಗ ಹತ್ತುವ ಸರದಿ ಬಂದಾಗ ನಾನು ಬೇಲಿಯ ಹೊರಗೆ ನಿಂತಿದ್ದೆ. ಅವನು ಎರಡೂ ಕೈಯಿಂದ ಹಗ್ಗ ಹಿಡಿದ, ಮೇಲಕ್ಕೆ ಎಳೆದುಕೊಂಡ, ಅಲ್ಲೇ ನಿಂತ. ಬಲಗೈ ಜಾರಿತು. ಎಡಗೈಯೊಂದರಲ್ಲೇ ನೇತಾಡುತ್ತ ಕಾಲಿನಿಂದ ಹಗ್ಗ ಹುಡುಕಿದ. ಕೆಳಗಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಬೈಯಲಿಲ್ಲ. "ಇಳಿಯಪ್ಪ, ಸಾಕು. ಇಳಿ," ಎಂದರು. ಅವನು ಇಳಿಯಲಿಲ್ಲ. ಅವರು ಇನ್ನೊಮ್ಮೆ ಹೇಳಬೇಕಾಯಿತು.

ಕೆಲವು ವಾರಗಳ ಮೇಲೆ ಆ ಆಟವಿದ್ದ ಕಂತು ಪ್ರಸಾರವಾಯಿತು. ನೋಡಲು ಬಾ ಎಂದು ಕರೆದದ್ದು ಅವನ ಅಮ್ಮ. ಮಗನಿಗೆ ಕೆಲಸ ತಪ್ಪಿದ್ದಕ್ಕೂ ಈ ಆಟಕ್ಕೂ ಅವರು ಗಂಟು ಹಾಕಿರಲಿಲ್ಲ. ಅಕ್ಕಪಕ್ಕದವರನ್ನೂ ಕರೆದು, "ಇದನ್ನ ಮೊದ್ಲು ಆಡಿದ್ದು ನಮ್ ಹುಡ್ಗ," ಎನ್ನುತ್ತಿದ್ದರು. ಎದುರು ಮನೆಯ ಆಂಟಿಯೊಬ್ಬರು, "ಹಂಗಾದ್ರೆ ಟೀವೀಲಿ ಯಾಕ್ ಬರ್ಲಿಲ್ಲ?" ಎಂದರು. "ಟೀವೀಲಿ ಬರೋರು ಆಮೇಲೆ ಕಲ್ತೋರು," ಎಂದರು ಅಮ್ಮ. ನಗು. ನಾನೂ ನಕ್ಕೆ.

ಪರದೆಯ ಮೇಲೆ ಅದೇ ನೀಲಿ ತೊಟ್ಟಿ. ಗೂಟಗಳನ್ನು ಮತ್ತೆ ಹತ್ತಿರ ತಂದಿದ್ದರು, ನಾನು ಗಮನಿಸಿದೆ. ನಮಗಾದದ್ದನ್ನು ನೋಡಿ ಸರಿಪಡಿಸಿದ್ದರು. ಒಂದು ಜೋಡಿಯಲ್ಲಿ ಈಜುತ್ತಿದ್ದ ಹುಡುಗಿ ನೀರಿನ ನಡುವೆ ನಿಂತು ಎಡಗೈ ಎತ್ತಿದಳು. ಮಣಿಕಟ್ಟಿಗೆ ತಂಡದ ಕೆಂಪು ಪಟ್ಟಿ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಕ್ಷಣ ಸೀಟಿ, ನಾಲ್ಕು ಜನ ನೀರಿಗೆ ಹಾರಿದರು, ಸಂಗೀತ ಬದಲಾಯಿತು, ನಿರೂಪಕರು ಎದೆ ಹಿಡಿದುಕೊಂಡರು. ಕಾಲಿಗೆ ಸೆಳೆತ ಬಂದಿತ್ತು, ಅಷ್ಟೇ. ಮೂರು ಸಲ ಬೇರೆ ಬೇರೆ ಕಡೆಯಿಂದ ತೋರಿಸಿದರು ಆ ಕೈಯನ್ನು.

ಗೆಳೆಯ ಗೋಡೆಗೆ ಒರಗಿ ಕೂತಿದ್ದ. ಜಾಹೀರಾತು ಬಂದಾಗ, ಟೀವಿಯ ಮೇಲಿಂದ ಕಣ್ಣು ತೆಗೆಯದೆ, "ನಂದೂ ಹಂಗೇ ಅಲ್ವಾ?" ಎಂದ. "ನೀನ್ ನೋಡ್ದೆ ತಾನೆ?"

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು ಎಂದು ನೆನಪು. ಆದರೆ ಅವರಿಗೆ ಆ ಪ್ರಶ್ನೆ ಅರ್ಥವಾಗಿರಲು ಸಾಧ್ಯವಿಲ್ಲ, ಆದ್ದರಿಂದ ತಿರುಗಿರಲಿಕ್ಕಿಲ್ಲ.

ಆಗ ನನಗೆ ಗೊತ್ತಿದ್ದದ್ದು ಇಷ್ಟು: ಕಣ್ಣು ಮುಚ್ಚಿದರೆ ಒಂದು ಕೈ ಕಾಣುತ್ತಿತ್ತು, ಅದಕ್ಕೆ ಕೆಂಪು ಪಟ್ಟಿ ಇತ್ತು. ನಾವು ಆಡುವಾಗ ಯಾವ ಪಟ್ಟಿಯೂ ಇರಲಿಲ್ಲ. ಅಂದರೆ ನಾನು ಕಾಣುತ್ತಿರುವುದು ಅವನ ಕೈಯಲ್ಲ, ಐದು ನಿಮಿಷದ ಹಿಂದೆ ನೋಡಿದ ಕೈ. ಹಳೆಯದರ ಮೇಲೆ ಹೊಸದು ಕೂತುಬಿಟ್ಟಿದೆ. ಇನ್ನು ಅಡಿಯಲ್ಲಿ ಏನಾದರೂ ಇತ್ತೇ ಎಂದು ಹೇಳಲು ದಾರಿಯಿಲ್ಲ. ನಾನು ಇದನ್ನೇ ಅವನಿಗೆ ಹೇಳಿದೆ. ಸ್ಪಷ್ಟವಾಗಿ, ಉದಾಹರಣೆ ಸಮೇತ. ನೋವಿನಲ್ಲಿದ್ದವರ ನೆನಪೂ ಹಾಗೇ, ಎತ್ತಬೇಕು ಎಂದುಕೊಂಡದ್ದು ಎತ್ತಿದ ಹಾಗೇ ಉಳಿಯಬಹುದು ಎಂದೂ ಸೇರಿಸಿದೆ.

"ಪಾಠ ಮಾಡ್ಬೇಡ ಕಣೋ. ನೋಡಿದ್ಯಾ, ಇಲ್ವಾ?"

"ಹೇಳೋಕಾಗಲ್ಲ."

"ಇಲ್ಲ ಅಂತಾನಾ?"

"ಇಲ್ಲ ಅಂತಾನೂ ಹೇಳೋಕಾಗಲ್ಲ."

ಅವನು ನನ್ನನ್ನು ನೋಡಿದ. ಕೋಪವಿದ್ದಿದ್ದರೆ ಚೆನ್ನಾಗಿತ್ತು. "ಸರಿ ಬಿಡು ಗುರು," ಎಂದು ಎದ್ದು, ಅಮ್ಮ ತಂದಿಟ್ಟ ಚುರುಮುರಿಯ ತಟ್ಟೆಯನ್ನು ನನ್ನ ಕಡೆ ಸರಿಸಿ, ಹೊರಗೆ ಹೋದ. ಅವನು ವಾಪಸ್ ಬರುವ ತನಕ ಕಾಯದೆ ನಾನು ಬಸ್ಸು ಹತ್ತಿದೆ. ಆಮೇಲೆ ಒಂದೆರಡು ಫೋನು. ಆಮೇಲೆ ಹಬ್ಬಗಳಿಗೆ ಶುಭಾಶಯದ ಚಿತ್ರಗಳು. ಆಮೇಲೆ ಅವೂ ನಿಂತವು.

ಆರು ವರ್ಷವಾಯಿತು. ಈ ನಡುವೆ ನನ್ನಲ್ಲಿ ಒಂದು ವಿಷಯ ಬೆಳೆಯುತ್ತಲೇ ಇತ್ತು. ಕಣ್ಣಿನ ನೆನಪು ಕೆಟ್ಟಿದೆ, ಒಪ್ಪಿದೆ. ಆದರೆ ಆ ಹಲಗೆಯ ಮೇಲೆ, ಆ ಎಸೆತಕ್ಕೆ ಮುಂಚೆ, ನಾನು ಒಮ್ಮೆ ನಿಂತೆ. ಒದ್ದೆ ರಿಂಗಿನ ಭಾರ ಬೆರಳಿಗೆ ನೇತುಬಿದ್ದಿತ್ತು, ತೋಳು ಹಿಂದಕ್ಕೆ ಹೋಗಿತ್ತು, ಹೋದದ್ದು ಅಲ್ಲೇ ತಡೆಯಿತು. ಇದು ಟೀವಿಯಲ್ಲಿ ಬಂದದ್ದಲ್ಲ. ಭಾರವನ್ನು ಟೀವಿ ತೋರಿಸಲಾರದು. ಏನನ್ನೂ ನೋಡದವನು ಯಾಕೆ ನಿಲ್ಲುತ್ತಾನೆ? ನಿಂತವನು ಯಾಕೆ ಮತ್ತೆ ಎಸೆಯುತ್ತಾನೆ? ಎರಡನೆಯ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಈ ಒಂದು ಬಿದ್ದರೆ ಮುಗಿಯುತ್ತದೆ ಎಂದುಕೊಂಡೆ. ಪಾಸು.

ಈ ವರ್ಷ ತರಗತಿಯಲ್ಲಿ ಅದೇ ಪಾಠ ಮಾಡುತ್ತಿದ್ದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಸಾರ್, ಹಂಗಾದ್ರೆ ಯಾರು ಏನು ಮಾಡಿದ್ರೂ ಗೊತ್ತಿಲ್ಲ ಅಂತ ಹೇಳ್ಬಿಡ್ಬೋದಲ್ವಾ?" ಎಂದಳು. ತರಗತಿ ನಕ್ಕಿತು. ನಾನು ಏನೋ ಉತ್ತರ ಕೊಟ್ಟೆ. ಆ ವಾರ ಪೂರ್ತಿ ಕಾಲೇಜು ಮುಗಿದ ಮೇಲೆ ಮನೆಗೆ ಹೋಗದೆ ಬಸವೇಶ್ವರನಗರದ ಬೀದಿಗಳಲ್ಲಿ ಸುಮ್ಮನೆ ನಡೆದೆ. ಶನಿವಾರ ಮಾರೇನಹಳ್ಳಿಗೆ ಹೋದೆ. ಅಲ್ಲಿ ಅವನು ತನ್ನ ಮಾವನ ಹಿಟ್ಟಿನ ಗಿರಣಿ ನೋಡಿಕೊಳ್ಳುತ್ತಿದ್ದಾನೆ ಎಂದು ಯಾರಿಂದಲೋ ಕೇಳಿದ್ದೆ.

ಗಿರಣಿ ಸಣ್ಣದು. ಅವನ ಹುಬ್ಬು, ರೆಪ್ಪೆ ಎಲ್ಲ ಹಿಟ್ಟು ಕೂತು ಬೆಳ್ಳಗಾಗಿತ್ತು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಗದ್ದಲದಲ್ಲಿ ಕೈಯಿಂದಲೇ ಸ್ಟೂಲು ತೋರಿಸಿದ. ರಾಗಿಯ ಡಬ್ಬವನ್ನು ಎಡಗೈಯಿಂದ ಎತ್ತಿ, ಮಂಡಿಯ ಮೇಲಿಟ್ಟು, ಎದೆಗೆ ಆನಿಸಿಕೊಂಡು ಮೇಲಿನ ಬಾಯಿಗೆ ಸುರಿಯುತ್ತಿದ್ದ. ಮೂರು ಹಂತದ ಕೆಲಸ. ಬೇರೆಯವರು ಒಂದೇ ಸಲಕ್ಕೆ ಎತ್ತಿ ಸುರಿಯುತ್ತಾರೆ.

"ಅಣ್ಣ, ತೀರಾ ನುಣ್ಣಗೆ ಮಾಡ್ಬೇಡಿ, ಹೋದ್ಸಲ ಮುದ್ದೆ ಗಂಟಲಿಗೇ ಅಂಟ್ಕೊಳ್ತು," ಎಂದರು ಸಾಲಿನಲ್ಲಿದ್ದ ಒಬ್ಬ ಹೆಂಗಸು.

"ಮುದ್ದೆ ನುಂಗ್ಬೇಕು ಅಕ್ಕಾ, ಅಗೀಬಾರ್ದು," ಎಂದ. ಅದೇ ನಾಲಿಗೆ.

ಸಾಲು ಕರಗಿದ ಮೇಲೆ ಮೋಟರು ಆರಿಸಿದ. ಕಿವಿ ಗುಂಯ್ ಎನ್ನುತ್ತಿತ್ತು. ಹೇಗಿದ್ದೀಯ, ಮದುವೆ, ಅಪ್ಪನ ಮಂಡಿನೋವು, ನನ್ನ ಕೆಲಸ ಇನ್ನೂ ಖಾಯಂ ಆಗದಿರುವುದು, ಎಲ್ಲ ಆಯಿತು. ನಾನು ಬಂದದ್ದು ಇದಕ್ಕಲ್ಲ ಎಂದು ಅವನಿಗೂ ಗೊತ್ತಿತ್ತು. ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತ ಕಾಯುತ್ತಿದ್ದ.

"ಆವತ್ತು ನಾನು ಎಸೆಯೋಕೆ ಮುಂಚೆ ನಿಂತೆ," ಎಂದೆ. "ತೋಳು ತಡೀತು. ಅದು ನಂಗೆ ಚೆನ್ನಾಗಿ ನೆನಪಿದೆ. ನೋಡ್ದೇ ಇದ್ದಿದ್ರೆ ನಿಲ್ತಿರ್ಲಿಲ್ಲ. ನೀನು ಕೈ ಎತ್ತಿದ್ದು ನಾನು ನೋಡ್ದೆ. ನೋಡಿ ಎಸೆದೆ."

ಇದನ್ನು ಹೇಳಿದರೆ ಅವನು ಬೈಯಬಹುದು, ಎದ್ದು ಹೋಗಬಹುದು, ಅಳಬಹುದು ಎಂದು ಲೆಕ್ಕ ಹಾಕಿಕೊಂಡು ಬಂದಿದ್ದೆ. ಅವನು ಬಟ್ಟೆಯನ್ನು ಮಡಚಿ ತಕ್ಕಡಿಯ ಮೇಲಿಟ್ಟ.

"ನಾನು ಎತ್ತಿದ್ನಾ ಅಂತಾನೇ ನಂಗೆ ಈಗ ಗೊತ್ತಿಲ್ಲ ಮಗಾ," ಎಂದ.

ಅವನು ತಕ್ಕಡಿಯ ಅಂಚಿನ ಹಿಟ್ಟನ್ನು ಬೆರಳಿನಿಂದ ಒರೆಸಿದ.

"ಮೊದ್ಲು ಗೊತ್ತಿತ್ತು. ನೀನು ನಮ್ಮನೇಲಿ ಆವತ್ತು ಹೇಳಿದ್ಯಲ್ಲ, ಎತ್ಬೇಕು ಅಂದ್ಕೊಂಡಿದ್ದು ಎತ್ತಿದ ಹಂಗೇ ಇರತ್ತೆ ಅಂತ. ಆಮೇಲಿಂದ ಯೋಚ್ನೆ ಮಾಡ್ದಾಗೆಲ್ಲ ಅದೇ ಬರತ್ತೆ. ನೀರಲ್ಲಿ ನಿಂತಿದೀನಿ, ಎತ್ಬೇಕು ಅಂತಿದೀನಿ. ಅಷ್ಟೇ. ಮುಂದಕ್ಕೆ ಹೋಗಲ್ಲ. ನೀನು ಓದಿದೋನು. ಸುಮ್ನೆ ಹೇಳಿರಲ್ಲ ಅಂದ್ಕೊಂಡೆ," ಎಂದ.

ಅಪ್ಪನಿಗೆ, ಹೆಂಡತಿಗೆ, ಹಗ್ಗದ ಕೆಳಗೆ ನಿಂತಿದ್ದ ಆ ಅಧಿಕಾರಿಗೆ ಕೂಡ ಅವನು ಹೇಳಿಕೊಳ್ಳಬಹುದಾಗಿದ್ದ ಒಂದು ಮಾತಿತ್ತು: ನಾನು ನಿಲ್ಲಿಸಿ ಅಂದಿದ್ದೆ, ನಿಲ್ಲಿಸಲಿಲ್ಲ. ಅದು ಕೂಡ ಈಗ ಅವನ ಹತ್ತಿರ ಇರಲಿಲ್ಲ. ತನ್ನ ಭುಜವನ್ನು ತಾನೇ ಹಾಳು ಮಾಡಿಕೊಂಡೆ, ಆಗಲ್ಲ ಎನ್ನಬೇಕಾದ ಕಡೆ 'ಆಗತ್ತೆ ಮೇಡಂ' ಎಂದೆ ಎಂದು ಆರು ವರ್ಷ ಅವನು ನಂಬಿಕೊಂಡು ಬಂದಿದ್ದ. ಭುಜ ಹೋದದ್ದು ತೊಟ್ಟಿಯಲ್ಲಿ. ಈ ಮಾತು ಹೋದದ್ದು ಅವನ ಮನೆಯ ಚಾಪೆಯ ಮೇಲೆ, ನನ್ನ ಪಾಠದಿಂದ.

"ಎತ್ತಿದೆ ಕಣೋ," ಎಂದೆ. "ನೀನು ಎತ್ತಿದೆ."

"ಎತ್ತಿದ್ನಾ?"

"ಹೂಂ."

ಅವನು ನನ್ನ ಮುಖವನ್ನೇ ನೋಡುತ್ತ ಕೇಳಿದ, "ಯಾವ ಕೈ?"

ನನಗೆ ಗೊತ್ತಿರಲಿಲ್ಲ. ನನ್ನ ಕಣ್ಣಿನಲ್ಲಿದ್ದ ಒಂದೇ ಕೈ ಟೀವಿಯ ಹುಡುಗಿಯದು. ನೋವಾದದ್ದು ಬಲಭುಜ, ಆದ್ದರಿಂದ ಎತ್ತಲು ಉಳಿದಿದ್ದದ್ದು ಇನ್ನೊಂದು ಎಂದು ಅಲ್ಲೇ, ಸ್ಟೂಲಿನ ಮೇಲೆ ಕೂತು, ತರ್ಕ ಮಾಡಿದೆ.

"ಎಡಗೈ," ಎಂದೆ.

ಅವನು ತನ್ನ ಎರಡೂ ಕೈ ನೋಡಿಕೊಂಡ. ತಲೆಯಾಡಿಸಿದ. "ಹೂಂ. ಎಡಗೈನೇ ಇರ್ಬೇಕು. ಬಲಗೈ ಎತ್ತೋಕಾಗ್ತಿರ್ಲಿಲ್ವಲ್ಲ."

ಅವನೂ ತರ್ಕ ಮಾಡುತ್ತಿದ್ದ. ನಾನು ಹೇಳಿದ್ದು ಸುಳ್ಳೋ ನಿಜವೋ ನನಗೆ ಗೊತ್ತಿಲ್ಲ. ಅವನು ನಂಬಿದನೋ, ನಾನು ಅಷ್ಟು ದೂರ ಬಂದದ್ದಕ್ಕೆ ನಂಬಿದ ಹಾಗೆ ಮಾಡಿದನೋ ಅದೂ ಗೊತ್ತಿಲ್ಲ. ಬಾಗಿಲಲ್ಲಿ ಇಬ್ಬರು ಹೆಂಗಸರು ಗೋಧಿಯ ಚೀಲ ಇಳಿಸಿದರು. ಅವನು ಎದ್ದು ಮೋಟರು ಹಾಕಿದ. ಗದ್ದಲ ಶುರುವಾಯಿತು. ನಾನು ಚೀಲದ ಒಂದು ತುದಿ ಹಿಡಿದೆ, ಅವನು ಬೇಡ ಎನ್ನಲಿಲ್ಲ.